ನಾರಿನ ರಸ್ತೆಯ ಮಳೆಗಾಲ

ಹೋದ ವಾರ ಹಾವೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಹೊಗೆ ಒಳಗೆ ನುಗ್ಗಿದ್ದೇ ತಡ, ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದರು, ಹಿಂದಿನವರು ಗಾಜು ಎಳೆದರು, ಕಂಡಕ್ಟರು ಇಂಥವರಿಗೆ ಅಂತಿಲ್ಲದೆ ಎಲ್ಲರಿಗೂ ಸೇರಿಸಿ ಬೈದ. ನಾನೊಬ್ಬಳೇ ನನ್ನ ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಅದು ಬರೀ ಡಾಂಬರಿನ ವಾಸನೆಯಲ್ಲ, ಅದರೊಳಗೆ ಬೆಂದ ಟೈರಿನ ಘಾಟೂ ಇತ್ತು.

"ಏನ್ರೀ ಅಕ್ಕಾರ, ನೆಗಡಿ ಆಗೈತೇನು?" ಎಂದು ಆ ಹೆಂಗಸು ಕೇಳಿದರು.

"ಇಲ್ರಿ, ಈ ವಾಸನಿ ಮ್ಯಾಲ ನನಗ ಸ್ವಲ್ಪ ಪ್ರೀತಿ," ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಆಚೆ ಸರಿದು ಕೂತರು.

ಅವರದೇನೂ ತಪ್ಪಿಲ್ಲ. ನಾನು ಬ್ಯಾಡಗಿಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದ ವರ್ಷ, ಒಂದು ಇಡೀ ಊರೇ ನನ್ನಿಂದ ಹೀಗೆ ದೂರ ಸರಿದು ಕೂತಿತ್ತು. ಅದೂ ಇದೇ ವಾಸನೆಯ ದೆಸೆಯಿಂದ.

ಕದರಮಂಡಲಗಿಯ ದಾರಿಯಲ್ಲಿ ಒಂದು ಕ್ರಾಸ್ ಬರುತ್ತದೆ. ಅಲ್ಲಿಂದ ಒಳಗೆ ಎರೆಹೊಲಗಳ ನಡುವೆ ಹೋದರೆ ಚಿಕ್ಕಕೊಪ್ಪ ಎಂಬ ಸಣ್ಣ ಊರು. ನಡುವೆ ಒಂದು ಹಳ್ಳದ ತಗ್ಗು. ಎರೆಮಣ್ಣಿನ ಗುಣ ಗೊತ್ತಲ್ಲ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲೆ ಕೂತ ಡಾಂಬರು ಎಷ್ಟು ದಿನ ತಾಳೀತು? ಪ್ರತಿ ಮಳೆಗಾಲಕ್ಕೂ ಆ ರಸ್ತೆ ಹಪ್ಪಳದ ಹಾಗೆ ಒಡೆಯುತ್ತಿತ್ತು. ಒಡೆದ ಮೇಲೆ ಬ್ಯಾಡಗಿಯ ಬಸ್ಸು ಕ್ರಾಸಿನಲ್ಲೇ ಜನರನ್ನು ಇಳಿಸಿ ಹೋಗುತ್ತಿತ್ತು. ಆಮೇಲೆ ಅದು ಊರೊಳಗೆ ಬರುತ್ತಿದ್ದುದು ದೀಪಾವಳಿ ಕಳೆದು ನಾವು ತೇಪೆ ಹಾಕಿದ ಮೇಲೆಯೇ.

ಆ ವರ್ಷ ಹಳೆಯ ಟೈರಿನ ರಬ್ಬರ್ ಪುಡಿ ಮತ್ತು ಗಿಡದ ನಾರು ಬೆರೆಸಿದ ಡಾಂಬರನ್ನು ಎಲ್ಲಾದರೂ ಹಾಕಿ ನೋಡೋಣ ಎಂದು ಇಲಾಖೆಯಲ್ಲಿ ಮಾತಾಯಿತು. ನಾನು ಹಟ ಹಿಡಿದು ಚಿಕ್ಕಕೊಪ್ಪದ ಹೆಸರು ಹೇಳಿದೆ. ಇಲ್ಲಿ ನಿಂತರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂಬುದು ನನ್ನ ವಾದ. ಡಾಂಬರಿಗೆ ಬಿಸಿಲಲ್ಲಿ ಮೆತ್ತಗಾಗುವ, ಚಳಿಯಲ್ಲಿ ಸಿಡಿಯುವ ಚಾಳಿ ಇದೆ. ರಬ್ಬರು ಸೇರಿದರೆ ಭಾರಕ್ಕೆ ಬಗ್ಗಿ ಮತ್ತೆ ನೆಟ್ಟಗಾಗುವ ಗುಣ ಬರುತ್ತದೆ. ನಾರು ಡಾಂಬರು ಸೋರದಂತೆ ಹಿಡಿಯುತ್ತದೆ, ಮಿಶ್ರಣವನ್ನು ಬಿಗಿಯುತ್ತದೆ. ಗೋಡೆಗೆ ಮೆತ್ತುವ ಮಣ್ಣಿಗೆ ನಮ್ಮ ಅಜ್ಜಿಯರು ಹೊಟ್ಟು ಕಲಸುತ್ತಿರಲಿಲ್ಲವೇ, ಹಾಗೆ. ನಾರಿಗೆ ನಾವು ಆರಿಸಿದ್ದು ಪುಂಡಿ. ಮೇಡ್ಲೇರಿಯಲ್ಲಿ ಹೊಲದ ಬದುವಿಗೆ ಪುಂಡಿ ಬೆಳೆದು, ಎಲೆ ಪಲ್ಯಕ್ಕೆ ಕೊಯ್ದು, ಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ ನಾರು ಸುಲಿಯುವವರು ಇನ್ನೂ ಇದ್ದರು. ನೈಲಾನ್ ಹಗ್ಗ ಬಂದ ಮೇಲೆ ಆ ನಾರನ್ನು ಕೇಳುವವರೇ ಇರಲಿಲ್ಲ.

ರಬ್ಬರಿನ ವಿಷಯ ನನಗೆ ಮನೆಯ ವಿಷಯ. ರಾಣೆಬೆನ್ನೂರಿನಲ್ಲಿ ನಮ್ಮಪ್ಪನದು ಸವೆದ ಟೈರಿಗೆ ಹೊಸ ಪಟ್ಟಿ ಕೂರಿಸುವ ಅಂಗಡಿ. ಟೈರನ್ನು ಉಜ್ಜುವಾಗ ಉದುರುವ ಕರಿಪುಡಿಯಲ್ಲೇ ನಾವು ಮಕ್ಕಳು ಆಡಿ ಬೆಳೆದದ್ದು. ನನ್ನ ಯೋಜನೆ ಕೇಳಿ ಅಪ್ಪ ಬಿದ್ದು ಬಿದ್ದು ನಕ್ಕ.

"ಟೈರಿನಿಂದ ರಸ್ತೆ ಸವೀತೈತಿ ಅಂತ ಗೊತ್ತಿತ್ತವಾ. ಟೈರಿನಿಂದನ ರಸ್ತೆ ಮಾಡ್ತೀನಿ ಅಂತೀಯಲ್ಲ, ನಿನಗ ಓದಿಸಿದ್ದು ಜಾಸ್ತಿ ಆತು ನೋಡು."

ರಸ್ತೆಗೆ ಬೇಕಾದ ಪುಡಿ ಬೇರೆ ಕಡೆಯಿಂದ ಬರುವುದಿತ್ತು. ಅಪ್ಪನ ಪುಡಿ ಸೇರಿದ್ದು ಅವನ ಅಂಗಡಿಯ ಅಂಗಳದಲ್ಲಿ ನಾನು ಹಾಕಿ ನೋಡಿದ ಒಂದು ತೇಪೆಗೆ ಮಾತ್ರ, ಅದೂ ಪುಕ್ಕಟೆಯಾಗಿ. ಮಗಳಿಗೆ ಸರಕು ಮಾರಿದ ಅಂತ ನಾಳೆ ಯಾರೂ ಅನ್ನಬಾರದಲ್ಲ.

ಎಡವಟ್ಟಾದದ್ದು ಡಂಗುರದಲ್ಲಿ. ಕೆಲಸ ಶುರುವಾಗುವ ಮುಂಚೆ ಊರಿಗೆ ತಿಳಿಸಬೇಕಿತ್ತು. ನಾನು ಚಂದಾಗಿ "ನಾರುಮಿಶ್ರಿತ ಡಾಂಬರು ರಸ್ತೆ" ಎಂದು ಬರೆದುಕೊಟ್ಟಿದ್ದೆ. ಪಂಚಾಯ್ತಿಯ ಗುಮಾಸ್ತರಿಗೆ ಅದು ಉದ್ದವಾಯಿತು. ಕಸ ಒಯ್ಯುವ ಗಾಡಿಯ ಮೈಕಿನಲ್ಲಿ ಅವರು ಕೂಗಿಸಿದ್ದು ಹೀಗೆ: "ಚಿಕ್ಕಕೊಪ್ಪದ ಸಮಸ್ತ ನಾಗರಿಕರಿಗೆ ತಿಳಿಸೋದೇನಂದ್ರ, ನಮ್ಮೂರಿಗೆ ನಾರು ರಸ್ತೆ ಬರಾಕತ್ತೈತಿ! ನಾರು ರಸ್ತೆ!"

ಯಾವುದೇ ಊರಿನ ಕಸದ ಗಾಡಿಯಂತೆ ಆ ಗಾಡಿಯೂ ಓಣಿಯ ತುದಿಯಲ್ಲಿರುವಾಗಲೇ ಮೂಗಿಗೆ ತಿಳಿಯುವಂಥದು. ಅದರ ಬಾಯಿಂದ ನಾರು ರಸ್ತೆ ಎಂದು ಕೇಳಿದವರಿಗೆ ಪುಂಡಿಯ ನಾರು ನೆನಪಾಗಬೇಕಾದ ಕಾರಣವೇನು? ನಾರುವ ರಸ್ತೆ ಬರುತ್ತದೆ ಎಂದೇ ಊರು ತಿಳಿಯಿತು. ಅದಕ್ಕೆ ಸರಿಯಾಗಿ, ಅದರಲ್ಲಿ ಟೈರು ಕಾಯಿಸಿ ಹಾಕುತ್ತಾರಂತೆ ಎಂಬ ಸುದ್ದಿಯೂ ಸೇರಿಕೊಂಡಿತು.

ಮರುದಿನ ನಾನು ಜೀಪಿನಿಂದ ಇಳಿಯುವ ಹೊತ್ತಿಗೆ ಪಂಚಾಯ್ತಿ ಕಟ್ಟೆಯ ಮುಂದೆ ಜನ ನೆರೆದಿತ್ತು. ಎಲ್ಲರಿಗಿಂತ ಮುಂದೆ ಗಂಗವ್ವ. ಗಂಡ ತೀರಿಕೊಂಡ ಮೇಲೆ ಹೊಲವನ್ನೂ ಮನೆಯನ್ನೂ ಒಬ್ಬಳೇ ತೂಗಿಸಿದ ಹೆಂಗಸು. ಅವಳ ಮೆಣಸಿನಕಾಯಿಯ ಬಣ್ಣಕ್ಕೆ ಬ್ಯಾಡಗಿಯ ಪೇಟೆಯಲ್ಲಿ ಹೆಸರಿತ್ತು. ಅವಳ ಗಂಟಲಿಗೆ ಊರಲ್ಲೇ ಹೆಸರಿತ್ತು.

"ಮೇಡಮ್ಮಾರ, ನಿಮಗ ನಾವು ಏನ್ ಮಾಡೇವ್ರಿ? ಛಲೋ ರಸ್ತೆ ಕೇಳಿದ್ರ ನಾರೋ ರಸ್ತೆ ಹಾಕ್ತೀರಂತ?"

"ನಾರೋದಲ್ಲವ್ವಾ, ನಾರಿಂದು. ಪುಂಡಿ ನಾರು."

"ಪುಂಡಿ ಏನ್ರಿ?" ಹಿಂದಿನಿಂದ ಒಬ್ಬ ಮುದುಕ ಕೂಗಿದ. "ಹಂಗಾರ ರೊಟ್ಟಿ ಯಾವಾಗ ಕೊಡ್ತೀರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ, ಗಂಗವ್ವ ಮಾತ್ರ ನಗಲಿಲ್ಲ. ಅವಳ ಚಿಂತೆ ತಮಾಷೆಯದಾಗಿರಲಿಲ್ಲ. ಆ ಊರಿನವರು ಮೆಣಸಿನಕಾಯಿ ಒಣಗಿಸುವುದು ರಸ್ತೆಯ ಬದಿಯಲ್ಲಿ, ನಿಜ ಹೇಳಬೇಕೆಂದರೆ ಅರ್ಧ ರಸ್ತೆಯ ಮೇಲೂ. ಪೇಟೆಯ ದಲಾಲರು ಕಾಯಿಯನ್ನು ಮುಷ್ಟಿಯಲ್ಲಿ ಮುರಿದು ಮೂಸಿ ನೋಡಿಯೇ ಮುಂದಿನ ಮಾತಾಡುವವರು. ಕಾಯಿಗೆ ಟೈರಿನ ವಾಸನೆ ಹತ್ತಿದರೆ ವರ್ಷದ ದುಡಿಮೆ ಹೋಯಿತು. "ನಮಗ ಹಳೇ ರಸ್ತೇನ ಇರ್ಲಿ," ಎಂದು ಅವಳು ತೀರ್ಪು ಕೊಟ್ಟಳು, ಊರು ತಲೆಯಾಡಿಸಿತು.

ನಮ್ಮ ಸಾಹೇಬರಿಗೆ ಇದು ತಿಳಿಯಿತು. "ಯುಗಾದಿತನಕ ನೋಡ್ರಿ. ಅಷ್ಟರಾಗ ಊರವರು ಒಪ್ಪಲಿಲ್ಲಂದ್ರ ಹೊಸರಿತ್ತಿ ಕಡೆ ಒಂದು ರಸ್ತೆಗೆ ಹಾಕೋಣು. ಚಿಕ್ಕಕೊಪ್ಪಕ್ಕ ಎಂದಿನಂಗ ತೇಪಿ ಹಚ್ರಿ," ಎಂದರು. ಎಂದಿನಂತೆ ತೇಪೆ ಎಂದರೆ ಎಂದಿನಂತೆ ಮಳೆಗಾಲದಲ್ಲಿ ಬಸ್ಸು ಬಂದ್.

ನನಗೂ ಅಷ್ಟೊತ್ತಿಗೆ ಸಿಟ್ಟು ಬಂದಿತ್ತು, ಬೇಡವಾದರೆ ಬಿಡಲಿ ಅನಿಸಿತ್ತು. ಹಾಗೆ ಅಂದುಕೊಂಡು ಒಂದು ಸಂಜೆ ಊರಿಂದ ಹೊರಟಾಗ ಹಳ್ಳದ ತಗ್ಗಿನ ಹತ್ತಿರ ಒಬ್ಬಳು ಹುಡುಗಿ ಕೈಯೆತ್ತಿ ಜೀಪು ನಿಲ್ಲಿಸಿದಳು. ತಲೆಯ ಮೇಲೆ ಹುಲ್ಲಿನ ಹೊರೆ, ಕೊರಳಲ್ಲಿ ಹೊಸ ತಾಳಿ.

"ನಾನು ರೇಣುಕಾ ರೀ. ಗಂಗವ್ವನ ಸೊಸಿ. ರಸ್ತೆ ಬಿಡಬ್ಯಾಡ್ರಿ ಮೇಡಂ," ಅಂದಳು.

ಅವಳು ಬ್ಯಾಡಗಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ನಡುವೆ ಮದುವೆಯಾಯಿತು. ಓದು ಮುಂದುವರಿಸುತ್ತೇನೆ ಎಂದಾಗ ಗಂಗವ್ವ ಬೇಡ ಅನ್ನಲಿಲ್ಲ. ಆದರೆ ನಾಲ್ಕು ಹಿರಿಯರನ್ನು ಕೂರಿಸಿಕೊಂಡು ಒಂದು ಕರಾರು ಹಾಕಿದಳು: ಬಸ್ಸು ಊರಿಗೆ ಬರುವ ತನಕ ಕಾಲೇಜು, ಬಸ್ಸು ನಿಂತ ದಿನ ಪುಸ್ತಕ ಮಡಚಿ ಹೊಲಕ್ಕೆ ಬರಬೇಕು. ಸೊಸೆ ಕ್ರಾಸಿನ ತನಕ ನಡೆದು, ಬಸ್ಸು ತಪ್ಪಿದರೆ ಕಂಡವರ ಗಾಡಿಗೆ ಕೈ ಮಾಡುವುದು ಅವಳಿಗೆ ಬೇಕಿರಲಿಲ್ಲ. ಕೊನೆಯ ಸೆಮಿಸ್ಟರಿನ ಪಾಠ, ಪರೀಕ್ಷೆ ಎಲ್ಲ ಬರುತ್ತಿದ್ದುದು ಮಳೆಗಾಲದ ನಟ್ಟನಡುವೆ. ಬಸ್ಸು ಯಾವ ತಿಂಗಳು ನಿಲ್ಲುತ್ತದೆ ಎಂದು ಆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅತ್ತಿ ಕೆಟ್ಟಾಕಿ ಅಲ್ರಿ. ಮಾತು ಅಂದ್ರ ಮಾತು ಅಷ್ಟ," ಎಂದಳು ರೇಣುಕಾ. "ಮೆಣಸಿನಕಾಯಿ ಕೆಡೂದಿಲ್ಲ ಅಂತ ಒಮ್ಮೆ ಕಣ್ಣಿಗೆ ಕಂಡ್ರ ಸಾಕ್ರಿ, ಎಲ್ಲಾರಕಿಂತ ಮೊದಲು ಅಕಿನ ರಸ್ತೆ ಕೆಲಸಕ್ಕ ಬುಟ್ಟಿ ಹಿಡೀತಾಳ."

ನನ್ನ ಸಿಟ್ಟು ಇಳಿದುಹೋಯಿತು. ಒಂದು ಡಾಂಬರಿನ ಮಿಶ್ರಣಕ್ಕೆ ಒಬ್ಬಳ ಡಿಗ್ರಿ ಗಂಟುಬಿದ್ದಿದೆ ಎಂದು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ.

ಮರುದಿನವೇ ಗಂಗವ್ವನ ಮನೆಗೆ ಹೋದೆ. ರಾಣೆಬೆನ್ನೂರಿನಲ್ಲಿ ಅಪ್ಪನ ಅಂಗಳದಲ್ಲಿ ಇದೇ ಮಿಶ್ರಣದ ತೇಪೆ ಇದೆ, ನಿಮ್ಮದೇ ಕಾಯಿ ತಂದು ಅದರ ಮೇಲೆ ಒಣಹಾಕಿ, ಪೇಟೆಗೆ ಒಯ್ದು ಮೂಸಿಸಿ, ವಾಸನೆ ಬಂದರೆ ನಾನೇ ರಸ್ತೆ ಬೇಡ ಎಂದು ಬರೆದುಕೊಡುತ್ತೇನೆ ಎಂದೆ. ಗಂಗವ್ವ ಎದ್ದು ಮೂಲೆಯಲ್ಲಿದ್ದ ಖಾಲಿ ಚೀಲ ಕೊಡವಿದಳು.

"ನನ್ನ ಕಣ್ಣ ಮುಂದ ಒಣಗಬೇಕು," ಅಂದಳು.

ಹಾಗೆ ಗಂಗವ್ವ ಎರಡು ಚೀಲ ಹಸಿಗಾಯಿ ಮತ್ತು ಮಗ ಮಂಜುವಿನೊಂದಿಗೆ ಅಪ್ಪನ ಅಂಗಡಿಗೆ ಬಂದಿಳಿದಳು. ಒಂದು ಚೀಲದ ಕಾಯಿ ತೇಪೆಯ ಮೇಲೆ, ಇನ್ನೊಂದರದು ಪಕ್ಕದಲ್ಲಿ ತಾಡಪತ್ರಿಯ ಮೇಲೆ. ಅವು ಒಣಗುವ ತನಕ ಅವಳು ದಿನವೂ ಬೆಳಿಗ್ಗೆ ಬಸ್ಸಿಗೆ ಬಂದು, ಸವೆದ ಲಾರಿ ಟೈರೊಂದರ ಮೇಲೆ ಕೊಡೆ ಹಿಡಿದು ಕೂತು ಕಾವಲು ಕಾದಳು. ಅಪ್ಪ ಚಹಾ ತರಿಸಿದ. ಮೊದಲ ದಿನ ಕುಡಿಯಲಿಲ್ಲ, ಎರಡನೇ ದಿನ ಕುಡಿದಳು, ಆಮೇಲೆ ಅಪ್ಪನ ಚಹಾಕ್ಕೆ ಶುಂಠಿ ಕಡಿಮೆಯಾಯಿತು ಎಂದು ಜಗಳ ತೆಗೆಯುವಷ್ಟು ಸ್ನೇಹವಾಯಿತು.

ಬ್ಯಾಡಗಿಯ ಪೇಟೆ ಆ ಹೊತ್ತಿನಲ್ಲಿ ಹೇಗಿರುತ್ತದೆ ಎಂದು ಕಂಡವರಿಗೇ ಗೊತ್ತು. ಎಲ್ಲಿ ನೋಡಿದರೂ ಕೆಂಪು. ಒಳಗೆ ಕಾಲಿಟ್ಟ ತಕ್ಷಣ ನನಗೂ ಅಪ್ಪನಿಗೂ ಸೀನು ಹತ್ತಿಕೊಂಡಿತು. ತಲೆತಲಾಂತರದಿಂದ ಇದೇ ಗಾಳಿ ಕುಡಿದ ಗಂಗವ್ವ ನಮ್ಮನ್ನು ಕನಿಕರದಿಂದ ನೋಡುತ್ತ ಮುಂದೆ ನಡೆದಳು. ಅವಳ ಮಾಲು ಹೋಗುವ ಅಂಗಡಿಯ ದಲಾಲರ ಮುಂದೆ ಎರಡೂ ಚೀಲ ಬಿಚ್ಚಿದೆವು. ಯಾವುದು ಎಲ್ಲಿ ಒಣಗಿದ್ದು ಎಂದು ಹೇಳಲಿಲ್ಲ. ಅವರು ಈ ಚೀಲದಿಂದ ಒಂದು ಹಿಡಿ, ಆ ಚೀಲದಿಂದ ಒಂದು ಹಿಡಿ ಮುರಿದರು, ಅಲುಗಾಡಿಸಿ ಬೀಜದ ಸದ್ದು ಕೇಳಿದರು, ಮೂಗಿಗೆ ಹಿಡಿದರು. ನಾನು ಸೀನು ತಡೆದುಕೊಂಡು ನಿಂತಿದ್ದೆ.

"ಇದು ಇನ್ನೂ ಹಸಿ ಐತಿ," ಎಂದು ತಾಡಪತ್ರಿಯ ಮೇಲಿನದನ್ನು ಪಕ್ಕಕ್ಕೆ ತಳ್ಳಿದರು. "ಇದು ಛಲೋ ಒಣಗೈತಿ. ಯಾಕವಾ ಗಂಗವ್ವ, ಈ ಸಲ ಎರಡು ನಮೂನಿ ತಂದಿ?"

"ವಾಸನಿ ನೋಡ್ರಿ. ವಾಸನಿ ಹೆಂಗೈತಿ?"

"ಮೆಣಸಿನಕಾಯಿ ವಾಸನಿ ಐತಿ. ಮತ್ತೇನಿರಬೇಕು?"

"ರಬ್ಬರ್ ವಾಸನಿ ಬರಾಕತ್ತಿಲ್ಲೇನ್ರಿ?"

ದಲಾಲರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಮೆಣಸಿನಕಾಯಿಗೆ ರಬ್ಬರ್ ವಾಸನಿ ಎಲ್ಲಿಂದ ಬರ್ತೈತಿ? ಏನು, ಟೈರ್ ಮ್ಯಾಲ ಒಣಗಿಸಿದ್ದೇನು?"

ಗಂಗವ್ವ ಲಗುಬಗೆಯಿಂದ ಚೀಲದ ಬಾಯಿ ಕಟ್ಟತೊಡಗಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ಚೀಲಗಳ ಮೇಲೇ ಕೂತುಬಿಟ್ಟ. ಮರಳಿ ಬರುವಾಗ ಅವಳ ಸಿಟ್ಟೆಲ್ಲ ರಸ್ತೆಯನ್ನು ಬಿಟ್ಟು ದಲಾಲರ ಕಡೆ ತಿರುಗಿತ್ತು. ತನ್ನ ಕಾಯಿಯನ್ನು ಹಸಿ ಎಂದನಲ್ಲ ಎಂದು ಕ್ರಾಸ್ ಬರುವ ತನಕ ಬೈದಳು.

ಯುಗಾದಿಯ ಮುಂಚೆಯೇ ಊರು ಒಪ್ಪಿತು. ಆದರೆ ನನಗೆ ಇನ್ನೊಂದು ತಲೆನೋವು ಗಂಟುಬಿತ್ತು. ನಾರು ರಸ್ತೆಯ ಮೇಲೆ ಕಾಯಿ ಲಗೂ ಒಣಗುತ್ತದಂತೆ ಎಂಬ ಸುದ್ದಿ ಹಬ್ಬಿ, ರಸ್ತೆ ಹಾಕುವ ಮೊದಲೇ ಯಾರ ಮನೆಯ ಮುಂದಿನ ರಸ್ತೆ ಯಾರಿಗೆ ಎಂದು ಪಾಲು ಶುರುವಾಯಿತು. ರಸ್ತೆ ಇರುವುದು ಬಸ್ಸು ಓಡಾಡುವುದಕ್ಕೆ ಎಂದು ನಾನು ಪಂಚಾಯ್ತಿ ಕಟ್ಟೆಯ ಮೇಲೆ ಭಾಷಣ ಮಾಡಿದೆ. ಎಲ್ಲರೂ ಗಂಭೀರವಾಗಿ ಕೇಳಿ, ಚಪ್ಪಾಳೆ ತಟ್ಟಿ, ಪಾಲು ಮಾಡಿಕೊಳ್ಳಲು ಹೋದರು.

ಕೆಲಸ ನಡೆದದ್ದು ಸುಡುಬಿಸಿಲಿನಲ್ಲಿ. ಮೊದಲು ಎರಡೂ ಬದಿಗೆ ಚರಂಡಿ ತೋಡಿಸಿ, ತಗ್ಗಿನ ಎರೆಮಣ್ಣನ್ನು ತೆಗೆಸಿ ಗಟ್ಟಿಯಾದ ಗರಸು ಮಣ್ಣು ತುಂಬಿಸಿದೆ. ಅಡಿಪಾಯ ಸರಿಯಿಲ್ಲದಿದ್ದರೆ ಮೇಲೆ ನಾರು ಹಾಕಿದರೂ ಅಷ್ಟೇ, ರೇಷ್ಮೆ ಹಾಕಿದರೂ ಅಷ್ಟೇ. ಮೇಡ್ಲೇರಿಯಿಂದ ಪುಂಡಿಯ ನಾರು ಬಂತು, ಸಣ್ಣಗೆ ಕತ್ತರಿಸಿದ್ದು. ಮೊದಲ ಲಾರಿಯ ಮಿಶ್ರಣ ಸುರಿಯುತ್ತಲೇ ನಾನು ಕೈಯೆತ್ತಿ ಕೆಲಸ ನಿಲ್ಲಿಸಿದೆ. ಕಲ್ಲು ಕಾದಿರುವಾಗ ನಾರನ್ನು ಒಣದಾಗಿಯೇ ಬೆರೆಸಿ ಆಮೇಲೆ ಡಾಂಬರು ಬಿಡಬೇಕು ಎಂದು ಹೇಳಿದ್ದೆ. ಪ್ಲಾಂಟಿನಲ್ಲಿ ಅವಸರಕ್ಕೆ ಹಿಂದುಮುಂದು ಮಾಡಿ, ನಾರೆಲ್ಲ ಉಂಡೆ ಕಟ್ಟಿ ಬಂದಿತ್ತು.

"ನಾಗರ ಪಂಚಮಿ ಇನ್ನೂ ದೂರ ಐತಲ್ರಿ ಮೇಡಮ್ಮಾರ," ಎಂದ ರೊಟ್ಟಿ ಕೇಳಿದ್ದ ಅದೇ ಮುದುಕ, "ಈಗ ಯಾಕ ಉಂಡಿ ಕಟ್ಟಿಸೀರಿ?"

ಆ ಲಾರಿಯನ್ನು ಹಾಗೇ ವಾಪಸ್ ಕಳಿಸಿದೆ. ಮುಂದಿನದು ಸರಿಯಾಗಿ ಬಂತು. ಘಾಟು ಮಾತ್ರ ಸುಳ್ಳಲ್ಲ, ಬಿಸಿ ಇರುವಾಗ ಅದು ಖಂಡಿತ ನಾರುತ್ತಿತ್ತು. ರೋಲರ್ ಓಡಿಸುವ ಹುಸೇನಸಾಬರು ಬೆಳಿಗ್ಗೆ ಬಂದವರೇ ಗೋಳು ತೋಡಿಕೊಂಡರು: "ಮನ್ಯಾಗ ಒಳಗ ಬಿಡವಲ್ಲರ್ರಿ ಮೇಡಂ. ಅಂಗಳದಾಗ ಎರಡು ಸಲ ಜಳಕ ಮಾಡಿಸಿ, ಆಮ್ಯಾಲ ಊಟಕ್ಕ ಕರದ್ರು." ರಸ್ತೆ ತಣಿದ ಮೇಲೆ ಗಂಗವ್ವ ಮೊಣಕಾಲೂರಿ, ಮೂಗನ್ನು ಡಾಂಬರಿನ ಹತ್ತಿರ ಒಯ್ದು ಮೂಸಿದಳು. ಎದ್ದು ಸೆರಗು ಕೊಡವಿಕೊಂಡು, ಏನೂ ಅನ್ನದೆ ಮನೆಗೆ ಹೋದಳು. ಅವಳು ಏನೂ ಅನ್ನದಿರುವುದೇ ದೊಡ್ಡ ಸರ್ಟಿಫಿಕೇಟು ಎಂದು ರೇಣುಕಾ ನನಗೆ ವಿವರಿಸಿದಳು.

ಜೂನಿನಲ್ಲಿ ಮಿರಗದ ಮಳೆ ಹದವಾಗಿ ಬಂತು. ಆಮೇಲೆ ಆಷಾಢದ ಮಳೆ ಹಿಡಿಯಿತು ನೋಡಿ, ಬಿಡುವ ಮಾತೇ ಇಲ್ಲ. ಬೇರೆಯವರು ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದರೆ ನಾನು ಜೀಪು ಹತ್ತಿ ಹಳ್ಳದ ತಗ್ಗಿಗೆ ಹೋಗುತ್ತಿದ್ದೆ. ಕೊಡೆ ಹಿಡಿದು, ಬಗ್ಗಿ, ಒಂದೊಂದು ಗಾಲಿಯ ಗುರುತನ್ನೂ ನೋಡುತ್ತಿದ್ದೆ. ಒಂದು ಕಡೆ ಚರಂಡಿಗೆ ಕಸ ಸಿಕ್ಕಿ ನೀರು ನಿಂತು, ಅಂಚು ಕೊಂಚ ಕುಸಿಯಿತು. ಆ ದಿನ ನನಗೆ ಊಟ ಸೇರಲಿಲ್ಲ. ಗಂಗವ್ವನೇ ನಾಲ್ಕು ಜನರನ್ನು ಎಬ್ಬಿಸಿಕೊಂಡು ಬಂದು ಚರಂಡಿ ಬಿಡಿಸಿದಳು, ನಾವು ಅಂಚಿಗೆ ಕಲ್ಲು ಕಟ್ಟಿದೆವು. ಉಳಿದ ರಸ್ತೆ ಮಳೆಯಲ್ಲಿ ತೊಳೆದ ಕಲ್ಲಿನ ಹಾಗೆ ಕರ್ರಗೆ ಹೊಳೆಯುತ್ತ ಬಿದ್ದಿತ್ತು. ಬಸ್ಸು ದಿನವೂ ಬಂತು. ರೇಣುಕಾ ಕಿಟಕಿಯ ಪಕ್ಕ ಕೂತು ಹೋಗುತ್ತ ನನಗೆ ಕೈಬೀಸುತ್ತಿದ್ದಳು. ಆ ಒಂದು ಕೈಬೀಸಿಗಾಗಿ ನಾನು ಬ್ಯಾಡಗಿಯಿಂದ ಅಷ್ಟು ದೂರ ಹೋಗುತ್ತಿದ್ದೆ ಎಂದರೆ ಸುಳ್ಳಲ್ಲ.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಹೊಯ್ದ ಮಳೆ ಇನ್ನೂ ಹೊಯ್ಯುತ್ತಿರುವಾಗ, ನಾನು ಊರಿನ ನಿಲ್ದಾಣದಲ್ಲಿದ್ದೆ. ಬಸ್ಸಿನ ಹೊತ್ತಾಯಿತು, ಹೊತ್ತು ಮೀರಿತು, ಬಸ್ಸು ಬರಲಿಲ್ಲ.

"ಹೋತು ನೋಡ್ರಿ, ನಾರು ರಸ್ತೇನೂ ಹೋತು," ಎಂದರು ಯಾರೋ.

ಅರ್ಧ ಗಂಟೆ ಮುಂಚೆ ಅದೇ ತಗ್ಗು ದಾಟಿ ಬಂದವಳು ನಾನು. ಆದರೂ ಹೆದರಿಕೆ ಬುದ್ಧಿಯ ಮಾತು ಕೇಳುವುದಿಲ್ಲ. ಊರಿನ ಬಸ್ಸಿನ ಕಂಡಕ್ಟರಿಗೆ ಫೋನು ಮಾಡಿದೆ. ಅವನು ಬ್ಯಾಡಗಿಯ ನಿಲ್ದಾಣದಲ್ಲೇ ಇದ್ದ.

"ರಸ್ತೆಗೇನಾಗೈತ್ರಿ ಮೇಡಂ? ರಸ್ತೆ ಗಟ್ಟಿ ಐತಿ. ನಮ್ಮ ಬಸ್ಸಿಂದ ಕ್ಲಚ್ ಹೋಗೈತಿ. ಬ್ಯಾರೆ ಗಾಡಿ ಇಲ್ಲ, ಇವತ್ತೂ ನಾಳೆನೂ ಬರೂದಿಲ್ಲ."

ನಾನು ಅದನ್ನು ಗಟ್ಟಿಯಾಗಿ ಹೇಳಿದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಗಂಗವ್ವನ ಕಡೆ ತಿರುಗಿದರು. ಹಾಲಿನ ಕ್ಯಾನು ಇಡಲು ಬಂದಿದ್ದ ಅವಳು ಅಲ್ಲೇ ನಿಂತಿದ್ದಳು. ಕರಾರು ಊರಿಗೆಲ್ಲ ಗೊತ್ತಿತ್ತು. ರಸ್ತೆಯ ದೆಸೆಯಿಂದಲೇ ಬಸ್ಸು ನಿಲ್ಲಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಇಷ್ಟೆಲ್ಲ ಮಾಡಿ ಕಡೆಗೆ ಒಂದು ಕ್ಲಚ್ಚಿಗೆ ಸೋತೆನಲ್ಲ ಎಂದು ನನಗೆ ಅಳು ಬಂತು.

ಬಸ್ಸಿಗಾಗಿ ಕಾದಿದ್ದ ರೇಣುಕಾ ಯಾರ ಮುಖವನ್ನೂ ನೋಡಲಿಲ್ಲ. ಬ್ಯಾಗನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಯ ದಾರಿಗೆ ತಿರುಗಿದಳು.

"ಎಲ್ಲಿ ಹೊಂಟಿ?" ಎಂದಳು ಗಂಗವ್ವ.

"ಮನಿಗ್ರಿ. ಬಸ್ ನಿಂತೈತಲ್ರಿ ಅತ್ತಿ."

"ನಿಂತದ್ದು ಬಸ್ಸು. ನಿನ್ನ ಕಾಲು ಯಾಕ ತಿರುಗಿದ್ವು?"

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. "ನನ್ನ ಜೀಪ್ ಐತಿ ಗಂಗವ್ವ, ನಾನ ಬಿಟ್ಟು ಬರ್ತೀನಿ."

"ನಿಮ್ಮ ಜೀಪು ನಾಳೆ ಬರ್ತೈತೇನ್ರಿ? ನಾಡಿದ್ದು ಬರ್ತೈತೇನು? ನೀವು ಸುಮ್ನಿರ್ರಿ," ಎಂದು ನನ್ನನ್ನು ಅಲ್ಲಿಗೇ ನಿಲ್ಲಿಸಿ, ಮನೆಯ ಕಡೆ ಮುಖ ಮಾಡಿ ಕೂಗಿದಳು. "ಮಂಜ್ಯಾ! ಏ ಮಂಜ್ಯಾ! ಗಾಡಿ ತಗದು ಬಾ ಲಗೂ! ನಿನ್ನ ಹೇಣ್ತಿಗೆ ಕಾಲೇಜಿಗೆ ಹೊತ್ತಾತು!"

ಮೊಣಕಾಲ ತನಕ ಕೆಸರು ಮೆತ್ತಿಕೊಂಡಿದ್ದ ಮಂಜು ಬೈಕು ತಂದ. ಕಾಲು ತೊಳೆಯಲಿಲ್ಲ ಎಂದು ಬೈಸಿಕೊಂಡ. ತೊಳೆಯಲು ಹೊರಟಾಗ, ಹೊತ್ತು ಮಾಡುತ್ತಾನೆ ಎಂದು ಮತ್ತೆ ಬೈಸಿಕೊಂಡ. ಗಂಗವ್ವ ತಾನು ತಲೆಯ ಮೇಲೆ ಮಳೆಗೆಂದು ಹೊದ್ದಿದ್ದ ಗೊಪ್ಪೆಯನ್ನು ತೆಗೆದು ಸೊಸೆಗೆ ಹೊದಿಸಿ, ಬ್ಯಾಗು ನೆನೆಯದಂತೆ ಅಂಚು ಎಳೆದಳು. ರೇಣುಕಾ ಏನೋ ಹೇಳಲು ಬಾಯಿ ತೆರೆದಳು. "ಹತ್ತು, ಹತ್ತು," ಎಂದು ಅವಳನ್ನು ದಬ್ಬಿಯೇ ಕೂರಿಸಿದಳು. ಬೈಕು ಎಲ್ಲೂ ಕುಲುಕದೆ, ಎಲ್ಲೂ ನಿಲ್ಲದೆ ತಗ್ಗಿಗೆ ಇಳಿದು, ಆಚೆ ಏರಿ, ಕ್ರಾಸಿನ ಕಡೆ ಹೋಯಿತು. ನನ್ನ ಕಣ್ಣಲ್ಲಿ ನೀರು ತುಂಬಿ ಕಡೆಯದು ಸರಿಯಾಗಿ ಕಾಣಲೇ ಇಲ್ಲ.

ಆ ಮುದುಕನಿಗೆ ಮಾತ್ರ ಇಂಥ ಹೊತ್ತಿನಲ್ಲೂ ಬಾಯಿ ಸುಮ್ಮನಿರಲಿಲ್ಲ. "ಯಾಕ ಗಂಗವ್ವ, ಬಸ್ ನಿಂತ ದಿನ ಪುಸ್ತಕ ಮಡಚಬೇಕು ಅಂತ ನಾಲ್ಕು ಮಂದಿ ಮುಂದ ಅಂದಿದ್ದಿ?"

ಗಂಗವ್ವ ಮಳೆಯಲ್ಲಿ ತೊಯ್ಯುತ್ತ, ಹಾಲಿನ ಕ್ಯಾನಿನ ಮುಚ್ಚಳ ಒತ್ತುತ್ತ ಹೇಳಿದಳು:

"ಅಂದಿದ್ದೆ, ಯಾರು ಇಲ್ಲ ಅಂದ್ರು? ಆವಾಗ ಈ ಊರಿಗೆ ರಸ್ತೆ ಇರಲಿಲ್ಲ."